ಓದುಗರ ಪ್ರಶ್ನೆ, ವೈದ್ಯರ ಉತ್ತರ: ವೀರ್ಯದ ರಿಪೋರ್ಟಿನಲ್ಲಿ ಕಾಣದ್ದು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಒಂದೇ ವಿಷಯದ ಸುತ್ತ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಕೊಟ್ಟಿದ್ದೇನೆ. ಬರೆದವರ ಹೆಸರನ್ನೂ ಗುರುತು ಹತ್ತಬಹುದಾದ ವಿವರಗಳನ್ನೂ ತೆಗೆದಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಮದುವೆಯಾಗಿ ಆರು ವರ್ಷವಾಯಿತು. ನನಗೆ 29, ಯಜಮಾನರಿಗೆ 34. ಅವರು ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಕಲಬುರಗಿಯಲ್ಲಿ ಎರಡು ಸಲ ಅವರ ವೀರ್ಯ ಪರೀಕ್ಷೆ ಮಾಡಿಸಿದೆವು. ಕೌಂಟ್ 4.8 ಕೋಟಿ, ಚಲನೆ ಶೇ 55, ಆಕಾರ ಶೇ 6 ಬಂದಿದ್ದು, ಕೆಳಗೆ ‘ನಾರ್ಮಲ್’ ಎಂದು ಬರೆದಿದ್ದಾರೆ. ನನ್ನ ಟ್ಯೂಬ್ ಟೆಸ್ಟ್, ಥೈರಾಯ್ಡ್, ಸ್ಕ್ಯಾನಿಂಗ್ ಎಲ್ಲವೂ ಸರಿಯಿವೆ. ಮೂರು ಸಲ ಐಯುಐ (ವೀರ್ಯಾಣುಗಳನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಮಾಡಿಸಿದರೂ ಗರ್ಭ ನಿಲ್ಲಲಿಲ್ಲ. ಗಾಣಗಾಪುರಕ್ಕೂ ಬಂದೇನವಾಜ್ ದರ್ಗಾಕ್ಕೂ ಹೋಗಿ ಬಂದಿದ್ದೇವೆ. ಅತ್ತೆಯವರು ಓಣಿಯವರ ಮುಂದೆ, “ಗಂಡಸಿನ ರಿಪೋರ್ಟ್ ಛಲೋ ಅದ, ಹೊಲಾನೇ ಬರಡದ” ಎನ್ನುತ್ತಾರೆ. ನಾದಿನಿಯ ಕುಬಸದ ದಿನ ಉಡಿ ತುಂಬುವಾಗ ನನ್ನನ್ನು ಒಳಕೋಣೆಯಲ್ಲಿ ಕೂರಿಸಿದರು. ವೀರ್ಯಾಣುವಿನ ಮೈಮೇಲೆ ರಿಸೆಪ್ಟರ್‌ಗಳಿರುತ್ತವೆ, ಅವಿಲ್ಲದಿದ್ದರೆ ಅದು ಅಂಡಾಣುವನ್ನು ಸೇರಲಾರದು ಎಂದು ಎಲ್ಲೋ ಓದಿದೆ. ಅದು ನಿಜವೇ? ನಿಜವಾದರೆ ಯಜಮಾನರಿಗೆ ಆ ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕು?
(ಸೇಡಂ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ಅತ್ತೆಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ತೊಗರಿ ಬೆಳೆಯುವ ಸೀಮೆಯವರಿಗೆ ಆ ಮಾತಿನಲ್ಲಿರುವ ತಪ್ಪು ಬೇಗ ತಿಳಿಯುತ್ತದೆ. ಕಾಳು ದುಂಡಗಿದೆ, ತೂಕವಿದೆ, ಹುಳು ಹಿಡಿದಿಲ್ಲ ಎಂದ ಮಾತ್ರಕ್ಕೆ ಅದು ಮೊಳೆತೇ ತೀರುತ್ತದೆಂದು ಅನುಭವವಿರುವ ರೈತ ನಂಬುವುದಿಲ್ಲ. ನೂರು ಕಾಳು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಎಷ್ಟು ಮೊಳಕೆಯೊಡೆದವೆಂದು ನೋಡಿದ ಮೇಲೆ ಬಿತ್ತನೆಗೆ ಇಳಿಯುತ್ತಾನೆ. ವೀರ್ಯದ ರಿಪೋರ್ಟ್ ಕಾಳಿನ ದುಂಡನ್ನೂ ತೂಕವನ್ನೂ ನೋಡುವ ಪರೀಕ್ಷೆಯೇ ಹೊರತು ಮೊಳಕೆಯ ಪರೀಕ್ಷೆಯಲ್ಲ. ಆದ್ದರಿಂದ ಆ ಕಾಗದ ಹಿಡಿದು ಹೊಲವನ್ನು ಬರಡೆನ್ನುವುದು ವೈದ್ಯಶಾಸ್ತ್ರದ ಪ್ರಕಾರವೂ ತಪ್ಪು, ಒಕ್ಕಲುತನದ ಪ್ರಕಾರವೂ ತಪ್ಪು.

ಆ ಪರೀಕ್ಷೆ ನಡೆಯುವ ಬಗೆ ಹೀಗಿದೆ. ಕೊಟ್ಟ ಮಾದರಿಯನ್ನು 37 ಡಿಗ್ರಿ ಬಿಸಿಯಲ್ಲಿ ಸುಮಾರು ಅರ್ಧ ಗಂಟೆ ಇಟ್ಟರೆ ಅಂಟಾಗಿದ್ದ ವೀರ್ಯ ತೆಳುವಾಗುತ್ತದೆ. ತಂತ್ರಜ್ಞೆ ಅದರ ಒಂದು ಸಣ್ಣ ಹನಿಯನ್ನು ಗಾಜಿನ ಮೇಲಿಟ್ಟು, ತೆಳುಗಾಜು ಮುಚ್ಚಿ, ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡುತ್ತಾಳೆ. ಎಣಿಕೆಯ ಯಂತ್ರದ ಗುಂಡಿಯನ್ನು ಟಕ್ ಟಕ್ ಒತ್ತುತ್ತ, ಇದು ಮುಂದೆ ಸಾಗುತ್ತಿದೆ, ಇದು ಇದ್ದಲ್ಲೇ ಒದ್ದಾಡುತ್ತಿದೆ, ಇದು ಅಲುಗುತ್ತಿಲ್ಲ ಎಂದು ಇನ್ನೂರು ವೀರ್ಯಾಣುಗಳನ್ನಾದರೂ ವಿಂಗಡಿಸುತ್ತಾಳೆ. ಆಮೇಲೆ ಇನ್ನೊಂದು ಗಾಜಿಗೆ ಬಣ್ಣ ಹಾಕಿ ತಲೆ, ಕತ್ತು, ಬಾಲಗಳ ಆಕಾರವನ್ನು ನೋಡುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಆರನೆಯ ಆವೃತ್ತಿಯ ಕೈಪಿಡಿಯಲ್ಲಿ ಮಿಲಿಲೀಟರಿಗೆ 1.6 ಕೋಟಿ, ಒಟ್ಟು ಚಲನೆ ಶೇ 42, ಸರಿಯಾದ ಆಕಾರ ಶೇ 4 ಎಂಬ ಕೆಳಗಿನ ಮಿತಿಗಳಿವೆ. ಒಂದು ವರ್ಷದೊಳಗೆ ತಂದೆಯಾಗುವ ಹಾದಿ ಹಿಡಿದ ಗಂಡಸರ ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ತೀರಾ ಕೆಳಗಿನ ಶೇ 5ರಷ್ಟು ಜನ ಎಲ್ಲಿ ನಿಲ್ಲುತ್ತಾರೆ ಎಂಬುದಷ್ಟೇ ಈ ಮಿತಿಯ ಅರ್ಥ. ಮಿತಿಗಿಂತ ಮೇಲಿದ್ದವನು ತಂದೆಯಾಗಿಯೇ ತೀರುತ್ತಾನೆ, ಕೆಳಗಿದ್ದವನು ಆಗುವುದೇ ಇಲ್ಲ ಎಂದು ಕೈಪಿಡಿ ಎಲ್ಲಿಯೂ ಹೇಳುವುದಿಲ್ಲ. ನಮ್ಮ ಕಡೆ ‘ನಾರ್ಮಲ್’ ಎಂಬ ಮುದ್ರೆ ಬಿದ್ದ ಕಾಗದ ಗಂಡಿನ ಕಡೆಯವರಿಗೆ ಖುಲಾಸೆಯ ತೀರ್ಪಾಗಿಬಿಡುತ್ತದೆ. ‘ಬಂಜೆ’ ಎಂಬ ಪದಕ್ಕೆ ನಮ್ಮ ಆಡುಮಾತಿನಲ್ಲಿ ಪುಲ್ಲಿಂಗವೇ ಇಲ್ಲದಿರುವಾಗ ಇನ್ನೇನಾದೀತು? ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ.

ವೀರ್ಯಾಣುವಿನ ತಲೆ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟಿರುತ್ತದೆ. ಅದರ ಮೈಮೇಲಿರುವ ಪ್ರೋಟೀನುಗಳು ಅದಕ್ಕಿಂತಲೂ ಸುಮಾರು ಸಾವಿರ ಪಟ್ಟು ಚಿಕ್ಕವು. ತಂತ್ರಜ್ಞೆಯ ಕಣ್ಣು ಎಷ್ಟೇ ಚುರುಕಾಗಿದ್ದರೂ ಆ ಗಾಜಿನಲ್ಲಿ ಅವು ಕಾಣುವುದಿಲ್ಲ. ಪಠ್ಯಪುಸ್ತಕಗಳಲ್ಲಿ ರಿಸೆಪ್ಟರಿಗೆ ‘ಗ್ರಾಹಕ’ ಎಂಬ ಪದವಿದೆ. ನನಗೆ ಆ ಪದ ಕೇಳಿದೊಡನೆ ಅಂಗಡಿಯ ಗಿರಾಕಿ ನೆನಪಾಗುವುದರಿಂದ ರಿಸೆಪ್ಟರ್ ಎಂದೇ ಬರೆಯುತ್ತೇನೆ. ಹೊರಗಿನ ರಾಸಾಯನಿಕವೊಂದು ಬಂದು ತಾಗಿದಾಗ ಗುರುತು ಹಿಡಿದು ಒಳಗೆ ಸುದ್ದಿ ಮುಟ್ಟಿಸುವ, ಇಲ್ಲವೇ ಎದುರಿನ ಜೀವಕೋಶದ ಪ್ರೋಟೀನನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿವು. ಇವುಗಳ ಕೆಲಸ ಒಂದೇ ಕಡೆ ಮುಗಿಯುವುದಿಲ್ಲ. ಹೆಜ್ಜೆಹೆಜ್ಜೆಗೂ ಬೇರೆ ಬೇರೆ ಪ್ರೋಟೀನುಗಳು ಬೇಕಾಗುತ್ತವೆ.

ವೃಷಣದಿಂದ ಹೊರಟ ವೀರ್ಯಾಣು ಮೊದಲು ಎಪಿಡಿಡಿಮಿಸ್ ಎಂಬ ನಾಳವನ್ನು ದಾಟುತ್ತದೆ. ವೃಷಣದ ಬೆನ್ನಿಗೆ ಅಂಟಿಕೊಂಡು ಸುರುಳಿ ಸುತ್ತಿರುವ ಈ ನಾಳವನ್ನು ಬಿಡಿಸಿ ಎಳೆದರೆ ಸುಮಾರು 6 ಮೀಟರ್ ಉದ್ದವಾಗುತ್ತದೆ. ಇಲ್ಲಿ ಕಳೆಯುವ ದಿನಗಳಲ್ಲಿ ಅದರ ಮೈಗೆ ಹೊಸ ಪ್ರೋಟೀನುಗಳ, ಸಕ್ಕರೆಯ ಎಳೆಗಳ ಹೊದಿಕೆ ಬೀಳುತ್ತದೆ. ಡಿಇಎಫ್‌ಬಿ126 ಎಂಬ ಪ್ರೋಟೀನು ಅಂಥ ಒಂದು ಹೊದಿಕೆ. ಅದರ ಜೀನಿನ ಎರಡೂ ಪ್ರತಿಗಳಲ್ಲಿ ದೋಷವಿರುವ ಗಂಡಸರ ವೀರ್ಯಾಣುಗಳು ನೋಡಲು ಚೆನ್ನಾಗಿರುತ್ತವೆ, ಚೆನ್ನಾಗಿಯೇ ಈಜುತ್ತವೆ, ಆದರೆ ಗರ್ಭಕೊರಳಿನ ಲೋಳೆಯನ್ನು ಹೋಲುವ ದ್ರವದಲ್ಲಿ ಸಿಕ್ಕಿಬೀಳುತ್ತವೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದಕ್ಕಾಗಿ ಚೀನಾದ ಹೊಸ ದಂಪತಿಗಳನ್ನು ಗಮನಿಸಿದಾಗ, ಅಂಥ ಗಂಡಸರ ಮನೆಗಳಲ್ಲಿ ಬಸಿರು ತಡವಾಗುತ್ತಿದ್ದುದು ಕಂಡುಬಂತು. ನಿಮ್ಮ ವಿಷಯದಲ್ಲಿ ಇದೊಂದೇ ಅಡ್ಡಿಯಾಗಿರುವ ಸಂಭವ ಕಡಿಮೆ, ಏಕೆಂದರೆ ಐಯುಐ ಮಾಡುವಾಗ ವೀರ್ಯಾಣುಗಳನ್ನು ಗರ್ಭಕೊರಳು ದಾಟಿಸಿ ನೇರವಾಗಿ ಗರ್ಭಕೋಶಕ್ಕೇ ಬಿಡುತ್ತಾರೆ. ಆದರೆ ಐಯುಐ ದಾಟಿಸುವುದು ಆ ಒಂದು ಬಾಗಿಲನ್ನು ಮಾತ್ರ. ಮುಂದಿನದೆಲ್ಲವನ್ನೂ ವೀರ್ಯಾಣು ತಾನೇ ಮಾಡಬೇಕು. ಮೂರು ಸಲ ಐಯುಐ ಸೋತಿತೆಂದರೆ ದೋಷ ಹೆಣ್ಣಿನಲ್ಲಿದೆ ಎಂದು ಅರ್ಥವಲ್ಲ.

ಮುಂದಿನ ಹೆಜ್ಜೆಯನ್ನು 1951ರಲ್ಲಿ ಅಮೆರಿಕದಲ್ಲಿದ್ದ ಚಾಂಗ್ ಮತ್ತು ಆಸ್ಟ್ರೇಲಿಯಾದ ಆಸ್ಟಿನ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಕಂಡುಕೊಂಡರು. ಆಗಷ್ಟೇ ಹೊರಬಂದ ವೀರ್ಯಾಣುವಿಗೆ ಅಂಡಾಣುವನ್ನು ಫಲಗೊಳಿಸುವ ಶಕ್ತಿ ಇರುವುದಿಲ್ಲ. ಹೆಣ್ಣಿನ ದೇಹದೊಳಗೆ ಕೆಲವು ಗಂಟೆ ಕಳೆದ ಮೇಲೆಯೇ ಅದು ಬರುತ್ತದೆ. ಆ ಅವಧಿಯಲ್ಲಿ ಹೊದಿಕೆ ಕಳಚುತ್ತದೆ, ಪೊರೆಯಲ್ಲಿದ್ದ ಕೊಲೆಸ್ಟೆರಾಲ್ ಹೊರಹೋಗುತ್ತದೆ, ಮುಚ್ಚಿಕೊಂಡಿದ್ದ ಪ್ರೋಟೀನುಗಳು ಕೆಲಸಕ್ಕೆ ಅಣಿಯಾಗುತ್ತವೆ. ಅಂಡಾಣುವನ್ನು ಸುತ್ತಿಕೊಂಡಿರುವ ಜೀವಕೋಶಗಳು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಸೂಸುತ್ತಿರುತ್ತವೆ. ಅದು ತಾಗಿದೊಡನೆ ವೀರ್ಯಾಣುವಿನ ಬಾಲದಲ್ಲಿರುವ ಕ್ಯಾಟ್‌ಸ್ಪರ್ ಎಂಬ ಬಾಗಿಲುಗಳು ತೆರೆದು, ಕ್ಯಾಲ್ಸಿಯಂ ಒಳನುಗ್ಗಿ, ಅಲ್ಲಿಯವರೆಗೆ ಸಣ್ಣಗೆ ಅಲೆಯುತ್ತಿದ್ದ ಬಾಲ ಚಾವಟಿಯಂತೆ ಬೀಸತೊಡಗುತ್ತದೆ. ಈ ಬಾಗಿಲುಗಳು ಇರುವುದು ಗೊತ್ತಾದದ್ದು 2001ರಲ್ಲಿ. ಮನುಷ್ಯರಲ್ಲಿ ಅವನ್ನು ತೆರೆಯುವುದು ಪ್ರೊಜೆಸ್ಟೆರಾನ್ ಎಂದು ಎರಡು ತಂಡಗಳು ಏಕಕಾಲಕ್ಕೆ ತೋರಿಸಿದ್ದು 2011ರಲ್ಲಿ. ಆ ಬೀಸು ಇಲ್ಲದ ವೀರ್ಯಾಣು ಗಾಜಿನ ಮೇಲೆ ಮುಂದೆ ಸಾಗುತ್ತಿರುವಂತೆಯೇ ಕಾಣಬಹುದು, ಆದರೆ ಅಂಡಾಣುವಿನ ಹೊರಚಿಪ್ಪನ್ನು ಸೀಳಲಾರದು.

ಆ ಹೊರಚಿಪ್ಪಿಗೆ ಝೋನಾ ಪೆಲ್ಲುಸಿಡಾ ಎಂದು ಹೆಸರು. ಮನುಷ್ಯರಲ್ಲಿ ಅದು ನಾಲ್ಕು ಬಗೆಯ ಪ್ರೋಟೀನುಗಳ ಹೆಣಿಗೆ. ವೀರ್ಯಾಣು ಅದನ್ನು ಹಿಡಿದುಕೊಳ್ಳಬೇಕು, ತಲೆಯ ತುದಿಯಲ್ಲಿರುವ ಅಕ್ರೋಸೋಮ್ ಎಂಬ ಚೀಲ ಒಡೆಯಬೇಕು. ಚೀಲ ಒಡೆದ ಮೇಲೆಯೇ ಅದರ ಒಳಪೊರೆಯಲ್ಲಿ ಅಡಗಿದ್ದ ಇಜುಮೋ ಎಂಬ ಪ್ರೋಟೀನು ಹೊರಮೈಗೆ ಬರುವುದು.

ಇಜುಮೋ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜಪಾನಿನ ಒಕಾಬೆ ಅವರ ತಂಡ 2005ರಲ್ಲಿ ಇದನ್ನು ಕಂಡುಹಿಡಿದು, ಮದುವೆಯ ಹರಕೆಗೆ ಜಪಾನಿಯರು ಹೋಗುವ ಇಜುಮೋ ದೇಗುಲದ ಹೆಸರನ್ನಿಟ್ಟಿತು. ಈ ಪ್ರೋಟೀನಿನ ಜೀನನ್ನು ತೆಗೆದುಹಾಕಿದ ಗಂಡಿಲಿಗಳು ಗಟ್ಟಿಮುಟ್ಟಾಗಿದ್ದವು, ಹೆಣ್ಣನ್ನು ಕೂಡುತ್ತಿದ್ದವು, ಅವುಗಳ ವೀರ್ಯಾಣುಗಳು ಸೊಗಸಾಗಿ ಈಜುತ್ತಿದ್ದವು, ಅಂಡಾಣುವಿನ ಹೊರಚಿಪ್ಪನ್ನೂ ತೂರಿ ಒಳಗೆ ಹೋಗುತ್ತಿದ್ದವು. ಅಲ್ಲಿಗೆ ಮುಗಿಯಿತು. ಚಿಪ್ಪಿಗೂ ಅಂಡಾಣುವಿನ ಪೊರೆಗೂ ನಡುವಿನ ಕಿರಿದಾದ ಜಾಗದಲ್ಲಿ ಒಂದರ ಮೇಲೊಂದು ವೀರ್ಯಾಣುಗಳು ಸೇರಿಕೊಂಡರೂ ಒಂದೂ ಬೆಸೆಯಲಿಲ್ಲ. ಅದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಕ್ಕೆ ಇಟ್ಟಾಗ ಮರಿ ಬೆಳೆಯಿತು. ಅಂದರೆ ಒಳಗಿನ ಸರಕೆಲ್ಲ ಸರಿಯಿತ್ತು. ಕೆಟ್ಟಿದ್ದುದು ಮೈಮೇಲಿನ ಒಂದು ಪ್ರೋಟೀನು. ಆ ಇಲಿಯ ವೀರ್ಯವನ್ನು ನಮ್ಮ ಪ್ರಯೋಗಾಲಯಕ್ಕೆ ಕಳಿಸಿದ್ದರೆ ನಾವೂ ‘ನಾರ್ಮಲ್’ ಎಂದೇ ಬರೆಯುತ್ತಿದ್ದೆವು.

ಈಗ ನಿಮ್ಮ ಯಜಮಾನರ ವಿಷಯ. ಅವರಲ್ಲಿ ಇಂಥ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ಈ ಜೀನುಗಳ ಪೂರ್ಣ ದೋಷ ಅಪರೂಪ, ಮತ್ತು ಕಾರಣ ತಿಳಿಯದ ದಂಪತಿಗಳಲ್ಲಿ ಅನೇಕರಿಗೆ ತಡವಾಗಿ ತಾನಾಗಿಯೇ ಗರ್ಭ ನಿಂತದ್ದೂ ಉಂಟು. ಇಜುಮೋ, ಕ್ಯಾಟ್‌ಸ್ಪರ್ ಮುಂತಾದವನ್ನು ದಿನನಿತ್ಯದ ಪರೀಕ್ಷೆಯಾಗಿ ಅಳೆದು ಕೊಡುವ ವ್ಯವಸ್ಥೆ ಇಲ್ಲ, ಆದ್ದರಿಂದ ‘ರಿಸೆಪ್ಟರ್ ಟೆಸ್ಟ್’ ಹುಡುಕಿಕೊಂಡು ಹೈದರಾಬಾದ್, ಸೊಲ್ಲಾಪುರ ಅಲೆಯಬೇಡಿ. ಮೈಮೇಲಿನ ಒಂದು ತೊಂದರೆಗೆ ಮಾತ್ರ ಸುಲಭದ ಪರೀಕ್ಷೆಯಿದೆ: ಪೆಟ್ಟು, ಸೋಂಕು, ನಸಬಂದಿಯ ಮರುಜೋಡಣೆ ಇವುಗಳ ನಂತರ ಕೆಲವು ಗಂಡಸರ ದೇಹ ತನ್ನದೇ ವೀರ್ಯಾಣುವಿನ ಮೇಲೆ ಪ್ರತಿಕಾಯ ಹುಟ್ಟಿಸುತ್ತದೆ, ಆಗ ಅವು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ, ಮೇಲ್ಮೈ ಪ್ರೋಟೀನುಗಳು ಮುಚ್ಚಿಹೋಗುತ್ತವೆ. ಎಂಎಆರ್ ಟೆಸ್ಟ್ ಎಂದು ಕೇಳಿದರೆ ವೈದ್ಯರಿಗೆ ತಿಳಿಯುತ್ತದೆ. ಯಜಮಾನರಿಗೆ ಅಂಥ ಹಿನ್ನೆಲೆಯಿದ್ದರೆ, ಅಥವಾ ರಿಪೋರ್ಟಿನಲ್ಲಿ ‘ಅಗ್ಲುಟಿನೇಶನ್’ (ಅಂಟಿಕೊಳ್ಳುವಿಕೆ) ಎಂಬ ಸಾಲಿನ ಮುಂದೆ ಏನಾದರೂ ಬರೆದಿದ್ದರೆ ಅದನ್ನು ಮಾಡಿಸಿ.

ಆರು ವರ್ಷ ಕಾದು, ಮೂರು ಐಯುಐ ಮುಗಿಸಿದ ನೀವು ಮುಂದೆ ಐವಿಎಫ್ (ಅಂಡಾಣುವನ್ನು ದೇಹದ ಹೊರಗೆ, ಪ್ರಯೋಗಾಲಯದಲ್ಲಿ ಫಲಗೊಳಿಸುವ ಚಿಕಿತ್ಸೆ) ಬಗ್ಗೆ ಮಾತಾಡುವುದು ಸರಿ. ಅಲ್ಲಿಗೆ ಹೋದಾಗ ಒಂದು ಪ್ರಶ್ನೆ ಕೇಳಿ: ಸಿಕ್ಕ ಅಂಡಾಣುಗಳಲ್ಲಿ ಅರ್ಧವನ್ನು ವೀರ್ಯಾಣುಗಳ ಜೊತೆ ಸುಮ್ಮನೆ ಬಿಟ್ಟು, ಉಳಿದರ್ಧಕ್ಕೆ ಇಕ್ಸಿ ಮಾಡಲು ಸಾಧ್ಯವೇ ಎಂದು. ಇಕ್ಸಿ ಎಂದರೆ ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಇಡುವ ವಿಧಾನ. ಬ್ರಸೆಲ್ಸ್‌ನ ವೈದ್ಯರು 1992ರಲ್ಲಿ ಅದರಿಂದಾದ ಮೊದಲ ಬಸಿರುಗಳನ್ನು ವರದಿ ಮಾಡಿದರು. ಸುಮ್ಮನೆ ಬಿಟ್ಟ ಅರ್ಧದಲ್ಲಿ ಒಂದೂ ಫಲಗೊಳ್ಳದೆ, ಸೂಜಿ ಹಾಕಿದ ಅರ್ಧದಲ್ಲಿ ಚೆನ್ನಾಗಿ ಫಲಗೊಂಡರೆ, ತೊಡಕು ವೀರ್ಯಾಣುವೂ ಅಂಡಾಣುವೂ ಭೇಟಿಯಾಗುವ ಹಂತದಲ್ಲಿದೆ ಎಂಬುದಕ್ಕೆ ಅದು ಬಲವಾದ ಸೂಚನೆ. ಸದ್ಯಕ್ಕೆ ನಮ್ಮ ಕೈಯಲ್ಲಿರುವ ಮೊಳಕೆ ಪರೀಕ್ಷೆ ಅದೇ. ನೀವು ಹೋಗುವ ಚಿಕಿತ್ಸಾ ಕೇಂದ್ರ ಇಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಹೈಲುರಾನನ್ ಎಂಬ ವಸ್ತುವಿಗೆ ಅಂಟುವ ವೀರ್ಯಾಣುಗಳನ್ನೇ ಆರಿಸುತ್ತೇವೆ ಎಂದು ಹೆಚ್ಚಿನ ಹಣಕ್ಕೆ ‘ಪಿಕ್ಸಿ’ ಎಂಬುದನ್ನು ಸೇರಿಸಲು ಹೇಳಿದರೆ ಅವಸರಪಡಬೇಡಿ; 2019ರಲ್ಲಿ ಪ್ರಕಟವಾದ, 2,700ಕ್ಕೂ ಹೆಚ್ಚು ದಂಪತಿಗಳ ಪ್ರಯೋಗದಲ್ಲಿ ಅದರಿಂದ ಹೆರಿಗೆಗಳ ಪ್ರಮಾಣ ಗಮನಾರ್ಹವಾಗಿ ಹೆಚ್ಚಲಿಲ್ಲ.

ಅತ್ತೆಯವರನ್ನು ಮುಂದಿನ ಭೇಟಿಗೆ ಜೊತೆಯಲ್ಲೇ ಕರೆದುಕೊಂಡು ಹೋಗಿ ಎಂಬುದು ನನ್ನ ಸಲಹೆ. ಸೊಸೆ ಹೇಳಿದ್ದನ್ನು ಕೇಳದವರು ಡಾಕ್ಟರ್ ಹೇಳಿದ್ದನ್ನು ಕೇಳಿದ್ದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ನಾನು ಬಿದರಿ ಕೆಲಸಗಾರ. ನನಗೂ ಅಣ್ಣನಿಗೂ ಚಿಕ್ಕಂದಿನಿಂದ ಕಿವಿ ಮಂದ. ಉಳಿ ಸುತ್ತಿಗೆಯ ಸದ್ದಿನಲ್ಲೇ ಬೆಳೆದಿದ್ದರಿಂದ ಹೀಗಾಯಿತೆಂದು ಎಲ್ಲರೂ ಹೇಳುತ್ತಾರೆ. ಅಣ್ಣನ ಮದುವೆಯಾಗಿ ಹನ್ನೊಂದು ವರ್ಷ, ನನ್ನದಾಗಿ ಐದು ವರ್ಷ; ಇಬ್ಬರಿಗೂ ಮಕ್ಕಳಿಲ್ಲ. ತಂಗಿಗೂ ಕಿವಿ ಮಂದ, ಆದರೆ ಅವಳಿಗೆ ಇಬ್ಬರು ಮಕ್ಕಳಿದ್ದಾರೆ. ನಮ್ಮ ತಾಯಿ ನಮ್ಮ ತಂದೆಗೆ ಸ್ವಂತ ಅಕ್ಕನ ಮಗಳು. ನನ್ನ ಹೆಂಡತಿ ಸೋದರತ್ತೆಯ ಮಗಳು. ಕಿವಿಗೂ ಮಕ್ಕಳಾಗದಿರುವುದಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಕೇಳಿದ್ದಕ್ಕೆ ಒಬ್ಬ ಡಾಕ್ಟರು ನಕ್ಕುಬಿಟ್ಟರು.
(ಬೀದರ್‌ನ ಓದುಗರು)

ಉತ್ತರ: ನಗುವಂಥದ್ದು ಏನೂ ಇರಲಿಲ್ಲ, ಬಹಳ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದೀರಿ. ಸದ್ದಿನಿಂದ ಕಿವಿ ಕೆಡುವುದು ನಿಜ, ನಿಮ್ಮ ಕಸುಬಿನವರು ಕಿವಿಗೆ ರಕ್ಷಣೆ ಮಾಡಿಕೊಳ್ಳುವುದೂ ಅಗತ್ಯ. ಆದರೆ ಒಂದೇ ಹೊಟ್ಟೆಯ ಮೂವರಿಗೆ ಚಿಕ್ಕಂದಿನಿಂದಲೇ ಕಿವಿ ಮಂದವಿದ್ದು, ಗಂಡುಮಕ್ಕಳಿಬ್ಬರಿಗೂ ಸಂತಾನವಿಲ್ಲದೆ, ಹೆಣ್ಣುಮಗಳಿಗೆ ಮಾತ್ರ ಮಕ್ಕಳಾಗಿವೆ ಎಂದರೆ, ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹೊಂದುವ ಒಂದು ಸ್ಥಿತಿ ದಾಖಲಾಗಿದೆ.

ನಮ್ಮ 15ನೆಯ ಕ್ರೋಮೋಸೋಮಿನಲ್ಲಿ ಎರಡು ಜೀನುಗಳು ಅಕ್ಕಪಕ್ಕದಲ್ಲಿವೆ. ಎಸ್‌ಟಿಆರ್‌ಸಿ ಎಂಬುದು ಒಳಕಿವಿಯ ಕೂದಲುಕೋಶಗಳಿಗೆ ಬೇಕಾದದ್ದು. ಕ್ಯಾಟ್‌ಸ್ಪರ್2 ಎಂಬುದು ಮೇಲಿನ ಉತ್ತರದಲ್ಲಿ ಹೇಳಿದ, ವೀರ್ಯಾಣುವಿನ ಬಾಲದಲ್ಲಿರುವ ಕ್ಯಾಲ್ಸಿಯಂ ಬಾಗಿಲಿನ ಒಂದು ತುಂಡು. ಕೆಲವು ಕುಟುಂಬಗಳಲ್ಲಿ ಆ ಇಡೀ ಭಾಗವೇ ಕಿತ್ತುಹೋಗಿರುತ್ತದೆ. ತಂದೆಯಿಂದಲೂ ತಾಯಿಯಿಂದಲೂ ಹರಿದ ಪ್ರತಿಯೇ ಬಂದರೆ ಮಗುವಿಗೆ ಸೌಮ್ಯ ಇಲ್ಲವೇ ಮಧ್ಯಮ ಪ್ರಮಾಣದ ಕಿವುಡು ಬರುತ್ತದೆ. ಗಂಡುಮಗುವಾದರೆ ಜೊತೆಗೆ ವೀರ್ಯಾಣುವಿನ ಬಾಗಿಲೂ ಇರುವುದಿಲ್ಲ, ಏಕೆಂದರೆ ಆ ಬಾಗಿಲು ಹಲವು ತುಂಡುಗಳ ಜೋಡಣೆಯಾಗಿದ್ದು, ಒಂದು ಮುಖ್ಯ ತುಂಡು ತಪ್ಪಿದರೆ ಉಳಿದವೂ ನಿಲ್ಲುವುದಿಲ್ಲ. ಜಸ್ತದ ಮೇಲೆ ಉಳಿಯಿಂದ ಗೀರೇ ತೆಗೆಯದಿದ್ದರೆ ಬೆಳ್ಳಿಯ ತಂತಿ ಎಷ್ಟು ಚೆನ್ನಾಗಿದ್ದರೂ ಎಲ್ಲಿ ಕೂರಬೇಕು, ನೀವೇ ಹೇಳಿ. ಹೆಣ್ಣುಮಗುವಿಗೆ ಕಿವಿ ಮಾತ್ರ ಮಂದ. ಗರ್ಭ ಧರಿಸಲು ಕ್ಯಾಟ್‌ಸ್ಪರ್ ಬೇಕಾಗಿಲ್ಲ.

ತಂದೆ ತಾಯಿ ಇಬ್ಬರೂ ಒಂದೊಂದು ಹರಿದ ಪ್ರತಿಯನ್ನು ಹೊತ್ತಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಈ ಅಪಾಯವಿರುತ್ತದೆ. ಮೂವರಿಗೂ ಬಂದದ್ದು ದುರದೃಷ್ಟ. ಸೋದರಮಾವನಿಗೆ ಕೊಡುವ, ಸೋದರತ್ತೆಯ ಮಗಳನ್ನು ತರುವ ರೂಢಿ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿದೆ. ಹೊಲ ಹೊರಗೆ ಹೋಗಬಾರದು, ಹುಡುಗಿ ಕಣ್ಮುಂದೆ ಇರಬೇಕು ಎಂಬ ಲೆಕ್ಕಾಚಾರಗಳ ಬಗ್ಗೆ ನಾನು ಇಲ್ಲಿ ವಾದಿಸುವುದಿಲ್ಲ. ಅಡಗಿರುವ ಒಂದೇ ದೋಷ ಎರಡೂ ಕಡೆಯಿಂದ ಬಂದು ಕೂಡುವ ಸಂಭವ ಅಂಥ ಮದುವೆಗಳಲ್ಲಿ ಹೆಚ್ಚು ಎಂಬುದಷ್ಟು ನಿಜ. ಅದೇ ಗುಂಪಿನ ಕ್ಯಾಟ್‌ಸ್ಪರ್1 ಜೀನಿನ ದೋಷ 2009ರಲ್ಲಿ ಮೊದಲು ಗೊತ್ತಾದದ್ದೂ ರಕ್ತಸಂಬಂಧದಲ್ಲೇ ಮದುವೆಯಾಗುವ ಇರಾನಿನ ಎರಡು ಕುಟುಂಬಗಳಲ್ಲಿ.

ನೀವು ಮೂವರೂ ಮೊದಲು ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳಿಸುತ್ತದೆಂದು ಅಳೆಯುವ ಪರೀಕ್ಷೆ) ಮಾಡಿಸಿ, ಆ ಕಾಗದಗಳೊಂದಿಗೆ ವಂಶವಾಹಿ ಸಲಹೆ ನೀಡುವ ತಜ್ಞರ ಬಳಿ ಹೋಗಿ. ರಕ್ತದಿಂದಲೇ ಪರೀಕ್ಷೆಯಾಗುತ್ತದೆ. ಆದರೆ ಎಸ್‌ಟಿಆರ್‌ಸಿ ಜೀನಿಗೆ ಪಕ್ಕದಲ್ಲೇ ಅದರಂತೆಯೇ ಇರುವ ಒಂದು ನಿಷ್ಕ್ರಿಯ ಪ್ರತಿ ಇರುವುದರಿಂದ ಸಾಮಾನ್ಯ ಜೀನ್ ಪರೀಕ್ಷೆಗಳು ಮೋಸಹೋಗುತ್ತವೆ. ‘ಎಸ್‌ಟಿಆರ್‌ಸಿ, ಕ್ಯಾಟ್‌ಸ್ಪರ್2 ಡಿಲೀಶನ್ ನೋಡಬೇಕು’ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ಈ ಸ್ಥಿತಿಯಿರುವ ಗಂಡಸರಲ್ಲಿ ಕೆಲವರ ವೀರ್ಯದಲ್ಲಿ ಚಲನೆ ಕಡಿಮೆ ಕಂಡಿದೆ, ಕೆಲವರ ರಿಪೋರ್ಟ್ ಪೂರ್ತಿ ಸರಿಯಾಗಿದೆ, ಆದ್ದರಿಂದ ರಿಪೋರ್ಟಿನಿಂದ ಇದನ್ನು ಅಲ್ಲಗಳೆಯಲಾಗದು. ಪರೀಕ್ಷೆಯಲ್ಲಿ ಇದೇ ಎಂದು ಬಂದರೆ ಐಯುಐಗೂ ಸಾಮಾನ್ಯ ಐವಿಎಫ್‌ಗೂ ಹಣ ಕಳೆಯದೆ ನೇರವಾಗಿ ಇಕ್ಸಿಗೆ ಹೋಗಬಹುದು. ಸೂಜಿ ಬಾಲದ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ಅದಕ್ಕೂ ಮೊದಲು ನಿಮ್ಮ ಹೆಂಡತಿಯ ರಕ್ತವನ್ನೂ ಪರೀಕ್ಷಿಸಬೇಕು. ಅವರು ನಿಮ್ಮ ಸೋದರತ್ತೆಯ ಮಗಳಾದ್ದರಿಂದ ಅದೇ ಹರಿದ ಪ್ರತಿಯನ್ನು ಹೊತ್ತಿರಬಹುದು. ಹೊತ್ತಿದ್ದರೆ ಹುಟ್ಟುವ ಮಗುವಿಗೆ ಇದೇ ತೊಂದರೆ ಬರುವ ಸಂಭವ ಎರಡರಲ್ಲಿ ಒಂದು, ಹೊತ್ತಿರದಿದ್ದರೆ ಮಕ್ಕಳು ದೋಷದ ಒಂದು ಪ್ರತಿಯನ್ನು ಹೊತ್ತರೂ ಆರೋಗ್ಯವಾಗಿಯೇ ಇರುತ್ತಾರೆ. ಅಣ್ಣನವರಿಗೂ ಈ ಉತ್ತರ ಓದಲು ಕೊಡಿ.

ಪ್ರಶ್ನೆ: ವೀರ್ಯಾಣುವಿನ ಗ್ರಹಣಶಕ್ತಿ ಹೆಚ್ಚಿಸುತ್ತದೆಂದು ಮೊಬೈಲಿನಲ್ಲಿ ಜಾಹೀರಾತು ನೋಡಿ ಮೂರು ಡಬ್ಬಿ ಪುಡಿ ತರಿಸಿದ್ದೇನೆ. ಅದರಲ್ಲಿ ಸತು ಮತ್ತು ಫೋಲಿಕ್ ಆ್ಯಸಿಡ್ ಇದೆಯಂತೆ. ಜಿಮ್‌ನಲ್ಲಿ ಒಬ್ಬರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡರೆ ಇನ್ನೂ ಬೇಗ ಫಲ ಸಿಗುತ್ತದೆ ಎಂದರು. ತೆಗೆದುಕೊಳ್ಳಲೇ?
(ಶಹಾಪುರದ ಓದುಗರು)

ಉತ್ತರ: ಇಂಜೆಕ್ಷನ್ ಬೇಡವೇ ಬೇಡ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮೆದುಳು ವೃಷಣಕ್ಕೆ ಕಳಿಸುವ ಹುಕುಮನ್ನು ನಿಲ್ಲಿಸುತ್ತದೆ. ತೋಳು ದಪ್ಪವಾಗುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಪುಡಿಯ ಬಗ್ಗೆ: ಸತು ಮತ್ತು ಫೋಲಿಕ್ ಆ್ಯಸಿಡನ್ನು ಗಂಡಸರಿಗೆ ಆರು ತಿಂಗಳು ಕೊಟ್ಟು, ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ವೀರ್ಯದ ಗುಣಮಟ್ಟವೂ ಹೆಚ್ಚಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಹೆಚ್ಚಲಿಲ್ಲ. ಹೊಟ್ಟೆನೋವು, ವಾಂತಿ ಮಾತ್ರ ಸ್ವಲ್ಪ ಹೆಚ್ಚಾದವು. ವೀರ್ಯಾಣುವಿನ ಮೈಮೇಲೆ ರಿಸೆಪ್ಟರ್ ಕೂರಿಸುವ ಪುಡಿ ಎಂಬುದೇ ಇಲ್ಲ.

ವೃಷಣ ಮೈಗಿಂತ 2ರಿಂದ 4 ಡಿಗ್ರಿ ತಂಪಾಗಿರಬೇಕು ಎಂಬ ಕಾರಣಕ್ಕೇ ಪ್ರಕೃತಿ ಅದನ್ನು ಹೊರಗೆ ತೂಗುಬಿಟ್ಟಿದೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಬಿಗಿ ಜೀನ್ಸ್ ತೊಟ್ಟು ದಿನವಿಡೀ ಬೈಕಿನ ಸೀಟಿನ ಮೇಲಿರುವುದನ್ನು, ಗುಟ್ಕಾ, ಸಿಗರೇಟುಗಳನ್ನು ಬಿಡಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಎಪಿಡಿಡಿಮಿಸ್ ದಾಟಲು ಇನ್ನಷ್ಟು ದಿನ. ಆದ್ದರಿಂದ ಇಂದು ಬಿಟ್ಟದ್ದರ ಫಲ ಮೂರು ತಿಂಗಳಾದ ಮೇಲೆ ರಿಪೋರ್ಟಿನಲ್ಲಿ ಕಾಣುತ್ತದೆ. ವೃಷಣದ ಮೇಲೆ ಹುರಿಹುರಿಯಾದ ನರಗಳು ಕೈಗೆ ತಾಗಿದರೆ ವೆರಿಕೋಸೀಲ್ ಇರಬಹುದು, ಡಾಕ್ಟರಿಗೆ ತೋರಿಸಿ. ಒಡೆಯದ ಡಬ್ಬಿಗಳನ್ನು ವಾಪಸ್ ಕಳಿಸಲು ಆಗುತ್ತದೆಯೇ ನೋಡಿ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಬಿ.ಎಸ್ಸಿ ಓದುತ್ತಿದ್ದೇನೆ. ಇಜುಮೋ ಅಂಡಾಣುವಿನ ಮೇಲಿನ ಜುನೊ ಎಂಬ ರಿಸೆಪ್ಟರನ್ನು ಹಿಡಿದುಕೊಳ್ಳುತ್ತದೆ ಎಂದು ಓದಿದೆ. ಹಾಗಾದರೆ ಇವನ್ನು ತಡೆದು ಗಂಡಸರಿಗೆ ಗರ್ಭನಿರೋಧಕ ಮಾಡಲಾಗದೇ? ವೀರ್ಯಾಣುವಿಗೆ ಹೂವಿನ ವಾಸನೆ ಗೊತ್ತಾಗುತ್ತದೆ ಎಂಬುದು ನಿಜವೇ? ಇನ್ನೊಂದು ಸಂದೇಹ: ಜುನೊಗೆ ಮೊದಲು ಫೋಲೇಟ್ ರಿಸೆಪ್ಟರ್ 4 ಎಂಬ ಹೆಸರಿತ್ತಂತೆ. ಫೋಲೇಟ್ ಎಂದರೆ ಫೋಲಿಕ್ ಆ್ಯಸಿಡ್ ಜಾತಿಯ ವಿಟಮಿನ್ ತಾನೇ? ನಮ್ಮ ಅಕ್ಕ ಮಗುವಿಗಾಗಿ ಪ್ರಯತ್ನಿಸುತ್ತ ಫೋಲಿಕ್ ಆ್ಯಸಿಡ್ ಮಾತ್ರೆ ನುಂಗುತ್ತಿದ್ದಾಳೆ. ಮಾತ್ರೆ ಹೋಗಿ ಜುನೊಗೆ ಅಂಟಿಕೊಂಡರೆ ವೀರ್ಯಾಣುವಿಗೆ ಜಾಗ ಎಲ್ಲಿ?

ಉತ್ತರ: ಮೂರೂ ಪ್ರಶ್ನೆಗಳು ಚೆನ್ನಾಗಿವೆ, ಮೂರನೆಯದು ಎಲ್ಲಕ್ಕಿಂತ ಚೆನ್ನಾಗಿದೆ.

ಮೈಮೇಲಿನ ಪ್ರೋಟೀನುಗಳನ್ನು ತಡೆಯುವ ಯೋಚನೆ ಹಳೆಯದು. ವೀರ್ಯಾಣುವಿನ ಮೇಲಿರುವ ಎಪಿನ್ ಎಂಬ ಪ್ರೋಟೀನಿನ ವಿರುದ್ಧ ಗಂಡು ಕೋತಿಗಳಿಗೆ ಲಸಿಕೆ ಹಾಕಿದ ಪ್ರಯೋಗ 2004ರಲ್ಲಿ ಪ್ರಕಟವಾಯಿತು. ಒಂಬತ್ತರಲ್ಲಿ ಏಳು ಕೋತಿಗಳಲ್ಲಿ ಸಾಕಷ್ಟು ಪ್ರತಿಕಾಯ ಹುಟ್ಟಿ ಅವು ಸಂತಾನಹೀನವಾದವು, ಲಸಿಕೆ ನಿಲ್ಲಿಸಿದ ಮೇಲೆ ಏಳರಲ್ಲಿ ಐದಕ್ಕೆ ಶಕ್ತಿ ಮರಳಿತು. ಒಂಬತ್ತರಲ್ಲಿ ಎರಡು ಸೋಲು, ಏಳರಲ್ಲಿ ಎರಡು ಮರಳದಿರುವುದು ಎಂಬ ಲೆಕ್ಕ ಆರೋಗ್ಯವಂತ ಮನುಷ್ಯರಿಗೆ ಒಪ್ಪುವಂಥದ್ದಲ್ಲ. ಇಜುಮೋ ವಿಷಯದಲ್ಲಿ ಇನ್ನೊಂದು ತೊಡಕು: ವೀರ್ಯಾಣುವಿನ ತಲೆಯ ತುದಿಯ ಚೀಲ ಒಡೆಯುವವರೆಗೂ ಅದು ಒಳಗೇ ಅಡಗಿರುವುದರಿಂದ ಗಂಡಸಿನ ದೇಹದಲ್ಲಿರುವಾಗ ಪ್ರತಿಕಾಯಕ್ಕೆ ಅದು ಸಿಗುವುದು ಕಷ್ಟ. ಇಜುಮೋ ಒಂಟಿಯಾಗಿಯೂ ಇಲ್ಲ. ಅದು ಎಸ್‌ಪಿಎಸಿಎ6, ಟಿಎಂಇಎಂ81 ಎಂಬ ಇನ್ನೆರಡು ಪ್ರೋಟೀನುಗಳ ಜೊತೆ ಮೂವರ ಕೂಟವಾಗಿ ಕೆಲಸ ಮಾಡುತ್ತದೆ ಎಂಬುದನ್ನು, ಪ್ರೋಟೀನುಗಳ ಆಕಾರ ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶದ ನೆರವಿನಿಂದ 2024ರಲ್ಲಿ ಕಂಡುಕೊಂಡರು. ಮುಂದೆ ಔಷಧಿಗೆ ಹಿಡಿತ ಸಿಗಬಹುದಾದರೆ ಇಂಥ ಜೋಡಣೆಗಳಲ್ಲೇ ಸಿಗಬಹುದು ಎಂದು ನನಗನ್ನಿಸುತ್ತದೆ.

ವಾಸನೆಯ ಕತೆ ಶುರುವಾದದ್ದು 2003ರಲ್ಲಿ. ಮೂಗಿನಲ್ಲಿರುವಂಥ ರಿಸೆಪ್ಟರ್ ವೀರ್ಯಾಣುವಿನಲ್ಲಿಯೂ ಇದೆ, ಲಿಲಿ ಆಫ್ ದ ವ್ಯಾಲಿ ಹೂವಿನ ಪರಿಮಳದ ಬೂರ್ಜೊನಾಲ್ ಎಂಬ ವಸ್ತುವಿನ ಕಡೆಗೆ ಅದು ಈಜುತ್ತದೆ ಎಂದು ಆಗ ವರದಿಯಾಯಿತು. ಪತ್ರಿಕೆಗಳಿಗೆ ಹಬ್ಬ. ಆ ವಸ್ತು ನೇರವಾಗಿ ಕ್ಯಾಟ್‌ಸ್ಪರ್ ಬಾಗಿಲನ್ನೇ ತೆರೆಯುತ್ತದೆ, ಅದೂ ಹೆಚ್ಚಿನ ಪ್ರಮಾಣದಲ್ಲಿದ್ದಾಗ ಮಾತ್ರ ಎಂದು 2012ರಲ್ಲಿ ಗೊತ್ತಾಯಿತು. ಆ ಸುದ್ದಿ ಅಷ್ಟಾಗಿ ಯಾರಿಗೂ ತಲುಪಲಿಲ್ಲ.

ಇನ್ನು ಜುನೊ. ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ಬಿಯಾಂಕಿ, ರೈಟ್ ಮತ್ತು ಸಂಗಡಿಗರು 2014ರಲ್ಲಿ ಇಜುಮೋದ ಜೊತೆಗಾರನನ್ನು ಹುಡುಕುತ್ತ ಹೋದಾಗ ಅಂಡಾಣುವಿನ ಮೇಲೆ ಸಿಕ್ಕಿದ್ದು ಆಗಲೇ ಫೋಲೇಟ್ ರಿಸೆಪ್ಟರ್ 4 ಎಂದು ಹೆಸರು ಪಡೆದಿದ್ದ ಪ್ರೋಟೀನು. ಅದು ಇಲ್ಲದ ಹೆಣ್ಣಿಲಿಗಳು ಮರಿ ಹಾಕಲಿಲ್ಲ. ವೀರ್ಯಾಣುವೊಂದು ಬೆಸೆದ ಮೇಲೆ ಇಲಿಯ ಅಂಡಾಣು ಸುಮಾರು 30ರಿಂದ 40 ನಿಮಿಷಗಳಲ್ಲಿ ತನ್ನ ಮೈಮೇಲಿನ ಜುನೊವನ್ನೆಲ್ಲ ಉದುರಿಸಿಬಿಡುತ್ತದೆ, ಇದರಿಂದ ತಡವಾಗಿ ಬಂದವುಗಳಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಎರಡು ವೀರ್ಯಾಣು ಹೊಕ್ಕರೆ ಭ್ರೂಣ ಉಳಿಯದ ಕಾರಣ ಇದು ಅಂಡಾಣುವಿನ ಆತ್ಮರಕ್ಷಣೆ. ಆದರೆ ಅದೇ ತಂಡ ಪರೀಕ್ಷಿಸಿದಾಗ ಜುನೊ ಫೋಲೇಟನ್ನು ಹಿಡಿದುಕೊಳ್ಳುವುದೇ ಇಲ್ಲ ಎಂದು ತಿಳಿಯಿತು. ಸೋದರ ಪ್ರೋಟೀನುಗಳನ್ನು ಹೋಲುತ್ತದೆ ಎಂಬ ಕಾರಣಕ್ಕೆ ಬಿದ್ದ ಹೆಸರು ತಪ್ಪಾಗಿದ್ದುದರಿಂದಲೇ ಅದಕ್ಕೆ ರೋಮನ್ನರ ವಿವಾಹದೇವತೆಯ ಹೆಸರಿಟ್ಟರು. ಹೀಗಾಗಿ ಅಕ್ಕನ ಮಾತ್ರೆಗೂ ವೀರ್ಯಾಣುವಿನ ಜಾಗಕ್ಕೂ ಯಾವ ತಕರಾರೂ ಇಲ್ಲ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡನ್ನು ಗರ್ಭ ನಿಲ್ಲುವ ಮೊದಲಿನಿಂದಲೇ ತೆಗೆದುಕೊಂಡರೆ ಮಗುವಿನ ಬೆನ್ನುಹುರಿ, ಮೆದುಳಿನ ಹುಟ್ಟುದೋಷಗಳ ಸಂಭವ ಕಡಿಮೆಯಾಗುತ್ತದೆ. ಅವರು ಮಾತ್ರೆಯನ್ನು ನಿಲ್ಲಿಸದೆ ಮುಂದುವರಿಸಲಿ.